ನೆತ್ತರಿನಲ್ಲಿ ಮೂಳೆಯ ಲೆಕ್ಕ

ಮಂಗಳೂರಿನ ನಂತೂರು ನಾಲ್ಕು ದಾರಿಗಳು ಕೂಡುವ ಸ್ಥಳ. ಉತ್ತರದಿಂದ ಉಡುಪಿಯ ಕಡೆಯ ಹೆದ್ದಾರಿ, ದಕ್ಷಿಣದಿಂದ ಕಾಸರಗೋಡಿನ ಕಡೆಯದು, ಪೂರ್ವದಿಂದ ಬಿಕರ್ನಕಟ್ಟೆ, ಕುಲಶೇಖರಗಳನ್ನು ಹಾದು ಬರುವ ಮೂಡುಬಿದಿರೆಯ ರಸ್ತೆ, ಪಶ್ಚಿಮದಿಂದ ಮಲ್ಲಿಕಟ್ಟೆಯ ಊರೊಳಗಿನ ರಸ್ತೆ ಇಲ್ಲಿ ಸೇರುತ್ತವೆ. ಈ ವೃತ್ತದ ಬದಿಯಲ್ಲಿ ಒಬ್ಬನು ಕಾಗದ, ಪೆನ್ಸಿಲು ಹಿಡಿದು ದಿನವಿಡೀ ಕುಳಿತಿದ್ದಾನೆಂದು ಭಾವಿಸೋಣ. ಕಿತ್ತ ಡಾಮರು, ಒಡೆದ ಕಲ್ಲು ತುಂಬಿಕೊಂಡು ಹೋಗುವ ಲಾರಿಗಳೆಷ್ಟು, ಹೊಸ ಜಲ್ಲಿ ಹೊತ್ತು ಬರುವ ಲಾರಿಗಳೆಷ್ಟು ಎಂದು ಎಣಿಸುವುದಷ್ಟೇ ಅವನ ಕೆಲಸ. ಯಾವ ಊರಿನ ರಸ್ತೆಯನ್ನು ಅಗೆಯುತ್ತಿದ್ದಾರೆ, ಎಲ್ಲಿ ಹೊಂಡ ಮುಚ್ಚುತ್ತಿದ್ದಾರೆ ಎಂಬುದು ಅವನಿಗೆ ಕಾಣದು. ಆದರೂ ಕೀಳುವ ಕೆಲಸ ಬಿರುಸಾಗಿದೆಯೋ, ಹಾಕುವ ಕೆಲಸ ಬಿರುಸಾಗಿದೆಯೋ ಎಂಬುದನ್ನು ಅವನು ಸಂಜೆಗೆ ಹೇಳಬಲ್ಲನು. ಜಿಲ್ಲೆಯ ರಸ್ತೆಗಳು ಒಟ್ಟಿನಲ್ಲಿ ಎಷ್ಟು ಗಟ್ಟಿಯಾಗಿವೆ ಎಂಬುದನ್ನು ಮಾತ್ರ ಹೇಳಲಾರನು.

ವೈದ್ಯರು ತೋಳಿನಿಂದ ತುಸು ನೆತ್ತರನ್ನು ತೆಗೆದು ಮೂಳೆಯ ಸ್ಥಿತಿಯನ್ನು ಅಳೆಯುವ ಕ್ರಮವೂ ಹೀಗೆಯೇ ಇದೆ. ನೆತ್ತರು ದೇಹದ ಹೆದ್ದಾರಿ. ಮೂಳೆಯನ್ನು ಕೆಡವಿದಾಗ ಬಿದ್ದ ಚೂರುಗಳೂ ಕಟ್ಟುವಾಗ ಉಳಿದ ತುಂಡುಗಳೂ ಆ ದಾರಿಯಲ್ಲಿಯೇ ಸಾಗಬೇಕು. ಅವುಗಳನ್ನು ಅಳೆದರೆ ಕೆಲಸದ ವೇಗ ತಿಳಿಯುತ್ತದೆ. ಮೂಳೆಯ ಮೊತ್ತ ತಿಳಿಯುವುದಿಲ್ಲ. ಈ ಒಂದು ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ, ವಯಸ್ಸಾದ ಗಂಡಸರ ಮೂಳೆಯ ವಿಷಯದಲ್ಲಿ ಈಚಿನ ವಿಜ್ಞಾನ ಹೇಳುವ ಮಾತುಗಳು ಸುಲಭವಾಗಿ ಅರ್ಥವಾಗುತ್ತವೆ.

ಗಂಡಸರಿಗೂ ಉಂಟು ಈ ಬಾಧೆ

ಮೂಳೆ ಟೊಳ್ಳಾಗುವುದು ಮುಟ್ಟು ನಿಂತ ಹೆಂಗಸರ ಬಾಧೆಯೆಂದು ಜನರು ತಿಳಿದಿದ್ದಾರೆ. ಹೆಂಗಸರಲ್ಲಿ ಇದು ಹೆಚ್ಚು ಎಂಬುದೂ ನಿಜ. ಆದರೆ ಪ್ರಪಂಚದ ಒಟ್ಟು ಲೆಕ್ಕದಲ್ಲಿ, ೫೦ ವರ್ಷ ದಾಟಿದ ಐವರು ಗಂಡಸರಲ್ಲಿ ಸುಮಾರು ಒಬ್ಬನು ಉಳಿದ ಆಯುಷ್ಯದಲ್ಲಿ ಮೂಳೆಯ ಬಲಹೀನತೆಯಿಂದ ಒಂದಾದರೂ ಮುರಿತಕ್ಕೆ ಒಳಗಾಗುತ್ತಾನೆ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲೋ ಬಚ್ಚಲಿನಲ್ಲೋ ಜಾರಿ ಬಿದ್ದ ಅಜ್ಜನ ತೊಡೆಯ ಮೂಳೆ ಸೊಂಟದ ಬಳಿ ಮುರಿದರೆ, ಮನೆಯವರು ‘ವಯಸ್ಸಾಯಿತಲ್ಲ’ ಎಂದು ಸುಮ್ಮನಾಗುವುದುಂಟು. ಆದರೆ ಸೊಂಟದ ಈ ಮುರಿತವಾದ ಮೇಲಿನ ಮೊದಲ ವರ್ಷದಲ್ಲಿ ಸಾವಿಗೀಡಾಗುವ ಪ್ರಮಾಣವು ಹೆಂಗಸರಿಗಿಂತ ಗಂಡಸರಲ್ಲಿಯೇ ಹೆಚ್ಚು. ಆದುದರಿಂದ ಬೀಳುವ ಮೊದಲೇ ಮೂಳೆಯ ಸುದ್ದಿ ತಿಳಿಯುವ ಉಪಾಯ ಬೇಕು.

ಮೂಳೆ ಕಲ್ಲಲ್ಲ

ಮೂಳೆಯು ಒಮ್ಮೆ ಕಟ್ಟಿ ಮುಗಿಸಿದ ಕಲ್ಲಿನ ಕಂಬವಲ್ಲ. ಅದರಲ್ಲಿ ಎರಡು ಬಗೆಯ ಕೆಲಸಗಾರರಿದ್ದಾರೆ. ಆಸ್ಟಿಯೋಕ್ಲಾಸ್ಟ್ ಎಂಬ ಜೀವಕಣಗಳು ಆಮ್ಲವನ್ನೂ ಕಿಣ್ವಗಳನ್ನೂ ಸುರಿಸಿ ಹಳೆಯ ಮೂಳೆಯನ್ನು ಕರಗಿಸುತ್ತವೆ. ಆಸ್ಟಿಯೋಬ್ಲಾಸ್ಟ್ ಎಂಬ ಜೀವಕಣಗಳು ಅದೇ ಗುಳಿಯಲ್ಲಿ ಹೊಸ ಮೂಳೆಯನ್ನು ಕಟ್ಟುತ್ತವೆ. ಒಂದು ಸ್ಥಳದಲ್ಲಿ ಅಗೆಯುವ ಕೆಲಸ ಕೆಲವೇ ವಾರಗಳಲ್ಲಿ ಮುಗಿಯುತ್ತದೆ. ತುಂಬುವ ಕೆಲಸಕ್ಕೆ ಮೂರು ನಾಲ್ಕು ತಿಂಗಳು ಬೇಕು. ಹೀಗೆ ಬೆಳೆದ ಮನುಷ್ಯನ ಅಸ್ಥಿಪಂಜರದಲ್ಲಿ ವರ್ಷಕ್ಕೆ ಸುಮಾರು ಹತ್ತನೆಯ ಒಂದು ಪಾಲು ಹೊಸತಾಗುತ್ತಿರುತ್ತದೆ.

ಕೆಡವಿದಷ್ಟನ್ನೇ ಕಟ್ಟಿದರೆ ಮೂಳೆ ಮೊದಲಿನಂತೆಯೇ ಇರುತ್ತದೆ. ೨೫ರಿಂದ ೩೦ ವರ್ಷದೊಳಗೆ ಮೂಳೆಯ ಸಂಗ್ರಹ ತುತ್ತತುದಿಗೆ ಮುಟ್ಟುತ್ತದೆ. ಆಮೇಲೆ ಕಾಲಕ್ರಮದಲ್ಲಿ ತುಂಬುವ ಕೆಲಸ ಅಗೆಯುವ ಕೆಲಸಕ್ಕಿಂತ ಕೂದಲೆಳೆಯಷ್ಟು ಹಿಂದೆ ಬೀಳುತ್ತದೆ. ಹೆಂಗಸರಲ್ಲಿ ಮುಟ್ಟು ನಿಂತ ಮೇಲಿನ ಕೆಲವು ವರ್ಷ ಈ ನಷ್ಟವು ವೇಗವಾಗಿ ನಡೆಯುತ್ತದೆ. ಗಂಡಸರಲ್ಲಿ ಅಂಥ ಹಠಾತ್ ಇಳಿತವಿಲ್ಲ. ನಷ್ಟವು ಸದ್ದಿಲ್ಲದೆ, ಬಹುಕಾಲ ನಡೆಯುತ್ತದೆ. ಅದನ್ನು ಯಾರೂ ಗಮನಿಸದಿರುವುದಕ್ಕೆ ಇದೇ ಕಾರಣ.

ಸುಣ್ಣದ ಅಂಕಿ ಏಕೆ ಸಾಲದು?

ಮೂಳೆಯ ಗಡಸು ಭಾಗವು ಕ್ಯಾಲ್ಸಿಯಂ ಮತ್ತು ರಂಜಕಗಳಿಂದಾದ ಸ್ಫಟಿಕ. ಹಾಗಾದರೆ ನೆತ್ತರಿನಲ್ಲಿ ಕ್ಯಾಲ್ಸಿಯಂ ಎಷ್ಟಿದೆ ಎಂದು ನೋಡಿದರೆ ಸಾಲದೆ? ಈ ಪ್ರಶ್ನೆಗೆ ಒಂದು ಸಣ್ಣ ಗಣಿತವೇ ಉತ್ತರ ಕೊಡುತ್ತದೆ. ಬೆಳೆದ ಮನುಷ್ಯನ ದೇಹದಲ್ಲಿ ಸುಮಾರು ಒಂದು ಕಿಲೋಗ್ರಾಂ ಕ್ಯಾಲ್ಸಿಯಂ ಇದೆ. ಅದರಲ್ಲಿ ನೂರಕ್ಕೆ ೯೯ ಪಾಲು ಮೂಳೆ, ಹಲ್ಲುಗಳಲ್ಲಿದೆ. ರಕ್ತದ್ರವದ ೧೦೦ ಮಿಲಿಲೀಟರಿನಲ್ಲಿ ಸುಮಾರು ೧೦ ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ರಕ್ತದ್ರವದ ಒಟ್ಟು ಪ್ರಮಾಣ ಮೂರು ಲೀಟರ್ ಎಂದಿಟ್ಟುಕೊಂಡರೆ, ಅಲ್ಲಿರುವ ಕ್ಯಾಲ್ಸಿಯಂ ೩೦೦ ಮಿಲಿಗ್ರಾಂ ಮಾತ್ರ. ಅಂದರೆ ಮೂಳೆಯ ಕಣಜದಲ್ಲಿ ಇರುವುದರ ಮೂರು ಸಾವಿರದ ಒಂದು ಪಾಲಿನಷ್ಟು.

ಹೃದಯದ ಬಡಿತಕ್ಕೂ ನರಗಳ ಕೆಲಸಕ್ಕೂ ಈ ಅಲ್ಪ ಪ್ರಮಾಣ ಏರುಪೇರಾಗಬಾರದು. ಅದು ಇಳಿಯುವ ಸೂಚನೆ ಬಂದೊಡನೆ ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ತಮ್ಮ ಹಾರ್ಮೋನನ್ನು ಸುರಿಸಿ, ಮೂಳೆಯಿಂದ ಕ್ಯಾಲ್ಸಿಯಮ್ಮನ್ನು ಎಳೆದು ತರುತ್ತವೆ. ಕಣಜ ಬರಿದಾಗುತ್ತಿದ್ದರೂ ಅಂಗಡಿಯ ತಕ್ಕಡಿಯ ಮೇಲೆ ಅಕ್ಕಿ ಯಾವಾಗಲೂ ಸರಿಯಾಗಿಯೇ ಇರುತ್ತದೆ. ಆದುದರಿಂದ ‘ಕ್ಯಾಲ್ಸಿಯಂ ಸರಿಯಾಗಿದೆ’ ಎಂಬ ವರದಿಯಿಂದ ‘ಮೂಳೆ ಸರಿಯಾಗಿದೆ’ ಎಂದು ತೀರ್ಮಾನಿಸಲು ಬರುವುದಿಲ್ಲ.

ಹಳದಿ ಬಣ್ಣದ ಸಾಕ್ಷಿ

ಕಟ್ಟುವ ಕೆಲಸದ ಮೊದಲ ಸಾಕ್ಷಿ ಸಿಕ್ಕಿದ್ದು ೧೯೨೩ರಲ್ಲಿ. ಲಂಡನ್ನಿನ ರಾಬರ್ಟ್ ರಾಬಿಸನ್ ಎಂಬ ವಿಜ್ಞಾನಿಯು, ಬೆಳೆಯುವ ಮೂಳೆಯಲ್ಲಿ ರಂಜಕದ ಸಂಯುಕ್ತಗಳನ್ನು ಒಡೆಯುವ ಕಿಣ್ವವೊಂದು ಹೇರಳವಾಗಿದೆಯೆಂದು ತೋರಿಸಿದನು. ಅದೇ ಆಲ್ಕಲೈನ್ ಫಾಸ್ಫಟೇಸ್. ಮೂಳೆ ಕಟ್ಟುವ ಜೀವಕಣಗಳ ಮೈಯಿಂದ ಇದು ಬಿಡಿಸಿಕೊಂಡು ನೆತ್ತರಿಗೆ ಸೇರುತ್ತದೆ.

ಇದನ್ನು ಅಳೆಯುವ ಇಂದಿನ ವಿಧಾನದಲ್ಲಿ ನಮ್ಮ ಪಾಠದ ನಿಯಮವೊಂದು ಅಡಗಿದೆ. ನೈಟ್ರೋಫೀನೈಲ್ ಫಾಸ್ಫೇಟ್ ಎಂಬ ಬಣ್ಣವಿಲ್ಲದ ದ್ರಾವಣಕ್ಕೆ ರಕ್ತಾಂಶವನ್ನು ಬೆರೆಸುತ್ತಾರೆ. ಕಿಣ್ವವು ಅದನ್ನು ಒಡೆದಂತೆಲ್ಲ ದ್ರಾವಣ ಹಳದಿಯಾಗುತ್ತದೆ. ೪೦೫ ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು ಅದರ ಮೂಲಕ ಹಾಯಿಸಿ, ಎಷ್ಟು ಬೆಳಕು ಹೀರಲ್ಪಟ್ಟಿತೆಂದು ನೋಡುತ್ತಾರೆ. ಬೀರ್–ಲ್ಯಾಂಬರ್ಟ್ ನಿಯಮದಿಂದ ಬಣ್ಣದ ಪ್ರಮಾಣವೂ, ಅದು ಹೆಚ್ಚುವ ವೇಗದಿಂದ ಕಿಣ್ವದ ಪ್ರಮಾಣವೂ ದೊರೆಯುತ್ತವೆ.

ಆದರೆ ಈ ಸಾಕ್ಷಿಯ ಮಾತನ್ನು ಎಚ್ಚರದಿಂದ ಕೇಳಬೇಕು. ಯಕೃತ್ತು ಸಹ ಇದೇ ಕಿಣ್ವವನ್ನು ತಯಾರಿಸುತ್ತದೆ. ಅಂಕಿ ಏರಿದರೆ ದೋಷ ಯಕೃತ್ತಿನದೋ ಮೂಳೆಯದೋ ಎಂದು ಬೇರ್ಪಡಿಸಬೇಕು. ಎತ್ತರ ಬೆಳೆಯುತ್ತಿರುವ ಹುಡುಗರಲ್ಲಿ ಇದು ದೊಡ್ಡವರಿಗಿಂತ ಬಹಳ ಹೆಚ್ಚಾಗಿರುವುದು ಸಹಜ. ನಮ್ಮ ಪ್ರೌಢಶಾಲೆಯ ವಾಚಕರ ನೆತ್ತರಿನ ಅಂಕಿಯು ಅವರ ಅಜ್ಜನಲ್ಲಿ ಕಂಡುಬಂದರೆ ವೈದ್ಯರು ಚಿಂತೆಗೊಂಡಾರು!

ಮೂರು ಎಳೆಯ ಹಗ್ಗ

ಸುಣ್ಣದ ಸ್ಫಟಿಕವು ಮೂಳೆಗೆ ಗಡಸುತನ ಕೊಡುತ್ತದೆ. ಮುರಿಯದೆ ಬಾಗುವ ಗುಣವನ್ನು ಕೊಡುವುದು ಕೊಲಾಜನ್ ಎಂಬ ಪ್ರೋಟೀನಿನ ನಾರು. ಈ ನಾರಿನ ರಚನೆಯನ್ನು ಬಿಡಿಸಿದ ಕೀರ್ತಿಯಲ್ಲಿ ನಮ್ಮ ನಾಡಿಗೂ ಪಾಲುಂಟು. ೧೯೨೨ರಲ್ಲಿ ಎರ್ನಾಕುಲಂನಲ್ಲಿ ಹುಟ್ಟಿದ ಜಿ. ಎನ್. ರಾಮಚಂದ್ರನ್ ಅವರು ೧೯೪೨ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ವಿದ್ಯುತ್ ಎಂಜಿನಿಯರಿಂಗ್ ವಿದ್ಯಾರ್ಥಿಯಾಗಿ ಬಂದು, ಸರ್ ಸಿ. ವಿ. ರಾಮನ್ನರ ಆಕರ್ಷಣೆಯಿಂದ ಭೌತಶಾಸ್ತ್ರಕ್ಕೆ ತಿರುಗಿದವರು. ಮುಂದೆ ಮದರಾಸು ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದಾಗ, ಗೋಪಿನಾಥ ಕರ್ತಾ ಅವರೊಡನೆ ಕ್ಷ-ಕಿರಣಗಳ ಚಿತ್ರಗಳನ್ನು ಪರಿಶೀಲಿಸಿ, ಕೊಲಾಜನ್ನಿನ ಅಣುವು ಮೂರು ಎಳೆಗಳಿಂದ ಹೊಸೆದ ರಚನೆಯೆಂದು ೧೯೫೪ರಲ್ಲಿ ಸೂಚಿಸಿದರು. ಮರುವರ್ಷ ಆ ಹೊಸೆತದ ರೂಪವನ್ನು ಇನ್ನಷ್ಟು ತಿದ್ದಿದರು. ೧೯೭೦ರ ದಶಕದ ಆರಂಭದಲ್ಲಿ ಅವರು ಬೆಂಗಳೂರಿಗೆ ಮರಳಿ, ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಭೌತ ವಿಭಾಗವನ್ನು ಸ್ಥಾಪಿಸಿದರು. ೨೦೦೧ರಲ್ಲಿ ತೀರಿಕೊಂಡರು.

ನಮ್ಮ ಕರಾವಳಿಯಲ್ಲಿ ತೆಂಗಿನ ನಾರಿನಿಂದ ಹಗ್ಗ ಹೊಸೆಯುವುದನ್ನು ನೋಡಿದವರಿಗೆ ಈ ಅಣುವಿನ ಕಥೆ ಕಠಿನವಲ್ಲ. ಮೂರು ಎಳೆ ಸೇರಿಸಿ ಹೊಸೆಯುವಾಗ ತುದಿಗಳಲ್ಲಿ ಹೊಸೆಯದ ನಾರು ಉಳಿಯುತ್ತದೆ. ಹಗ್ಗ ಸಿದ್ಧವಾದ ಮೇಲೆ ಅದನ್ನು ಕತ್ತರಿಸಿ ಎಸೆಯುತ್ತಾರೆ. ಕೊಲಾಜನ್ನಿನ ಎರಡು ತುದಿಗಳಲ್ಲಿಯೂ ಇಂಥ ಹೆಚ್ಚಿನ ತುಂಡುಗಳಿರುತ್ತವೆ. ಕಿಣ್ವಗಳು ಅವನ್ನು ಕತ್ತರಿಸಿದ ಮೇಲೆಯೇ ಅಣುವು ಮೂಳೆಯ ನಾರಿನಲ್ಲಿ ಕೂಡಿಕೊಳ್ಳುತ್ತದೆ. ಹೀಗೆ ಕತ್ತರಿಸಿದ ಒಂದು ತುದಿಯ ತುಂಡು ನೆತ್ತರಿಗೆ ಬರುತ್ತದೆ. ಅದರ ಹೆಸರು ಪಿ.ಒನ್.ಎನ್.ಪಿ. ಇದು ಹೊಸ ಜಲ್ಲಿಯ ಲಾರಿ, ಕಟ್ಟುವ ಕೆಲಸದ ಸೂಚಕ.

ಹಳೆಯ ಮೂಳೆಯನ್ನು ಕರಗಿಸಿದಾಗ, ಹಗ್ಗಗಳನ್ನು ಒಂದಕ್ಕೊಂದು ಬಿಗಿದಿದ್ದ ಗಂಟುಗಳ ಸುತ್ತಲಿನ ಚೂರುಗಳು ಹೊರಬೀಳುತ್ತವೆ. ಅವುಗಳಲ್ಲಿ ಎಂಟು ಅಮೈನೋ ಆಮ್ಲಗಳ ಕೊಂಡಿಗಳುಳ್ಳ ಒಂದು ಚೂರಿಗೆ ಸಿ.ಟಿ.ಎಕ್ಸ್. ಎಂದು ಹೆಸರು. ಇದು ಕಿತ್ತ ಡಾಮರಿನ ಲಾರಿ, ಕೆಡವುವ ಕೆಲಸದ ಸೂಚಕ. ೨೦೧೧ರಲ್ಲಿ ಅಂತರರಾಷ್ಟ್ರೀಯ ತಜ್ಞರ ಮಂಡಲಿಯು ಇವೆರಡನ್ನೂ ಎಲ್ಲ ದೇಶಗಳೂ ಬಳಸಬೇಕಾದ ಮಾದರಿ ಸೂಚಕಗಳೆಂದು ಆರಿಸಿತು. ಆದರೆ ಒಂದರಿಂದ ಇನ್ನೊಂದನ್ನು ಕಳೆದು ನಷ್ಟವನ್ನು ತೆಗೆಯುವಂತಿಲ್ಲ. ಈ ಲಾರಿಗಳ ಗಾತ್ರ ಬೇರೆ ಬೇರೆ. ಒಂದೊಂದನ್ನೂ ಅದರದರ ಸಾಮಾನ್ಯ ಮಿತಿಯೊಡನೆ ಹೋಲಿಸಬೇಕು.

ಗ್ರಾಮಿನ ಹತ್ತು ಲಕ್ಷದ ಒಂದು ಪಾಲು

ಸಿ.ಟಿ.ಎಕ್ಸ್. ಎಷ್ಟು ಅಲ್ಪವೆಂದರೆ, ಒಂದು ಮಿಲಿಲೀಟರಿನಲ್ಲಿ ಅದು ಇರುವುದು ಕೆಲವು ನೂರು ಪಿಕೋಗ್ರಾಂ. ಪಿಕೋಗ್ರಾಂ ಎಂದರೆ ಗ್ರಾಮಿನ ಲಕ್ಷ ಕೋಟಿಯ ಒಂದು ಪಾಲು. ಮಿಲಿಲೀಟರಿಗೆ ೩೦೦ ಎಂದು ಹಿಡಿದರೆ, ದೇಹದ ಮೂರು ಲೀಟರ್ ರಕ್ತದ್ರವದಲ್ಲೆಲ್ಲ ಸೇರಿ ಗ್ರಾಮಿನ ಹತ್ತು ಲಕ್ಷದ ಒಂದು ಪಾಲೂ ಇಲ್ಲ. ಯಾವ ತಕ್ಕಡಿಯೂ ತೂಗಲಾರದ ಇದನ್ನು ಅಳೆಯುವುದೆಂತು?

ದಾರಿಯನ್ನು ತೋರಿಸಿದವರಲ್ಲಿಯೂ ಒಬ್ಬಾಕೆ ಭೌತವಿಜ್ಞಾನಿ. ನ್ಯೂಯಾರ್ಕಿನ ರೊಸಾಲಿನ್ ಯಾಲೊ ಅವರು ವೈದ್ಯ ಸಾಲೊಮನ್ ಬರ್ಸನ್ನರೊಡನೆ, ೧೯೬೦ರ ಹೊತ್ತಿಗೆ ನೆತ್ತರಿನಲ್ಲಿರುವ ಇನ್ಸುಲಿನ್ನನ್ನು ವಿಕಿರಣದ ಸಹಾಯದಿಂದ ಅಳೆದು ತೋರಿಸಿದರು. ಬೀಗಕ್ಕೆ ತಕ್ಕ ಕೀಲಿಯಂತೆ ಒಂದೇ ಪದಾರ್ಥವನ್ನು ಹಿಡಿಯುವ ಪ್ರತಿಕಾಯಗಳೆಂಬ ಪ್ರೋಟೀನುಗಳೇ ಇದರ ಮೂಲಸಾಧನ. ಈ ಕೆಲಸಕ್ಕೆ ಯಾಲೊ ಅವರಿಗೆ ೧೯೭೭ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಬರ್ಸನ್ ಅಷ್ಟರೊಳಗೆ ತೀರಿಕೊಂಡಿದ್ದರು. ಇಂದಿನ ಯಂತ್ರಗಳಲ್ಲಿ ವಿಕಿರಣದ ಬದಲಾಗಿ, ಪ್ರತಿಕಾಯಕ್ಕೆ ರುಥೇನಿಯಂ ಸಂಯುಕ್ತದ ಗುರುತು ಕಟ್ಟಿ, ವಿದ್ಯುತ್ತಿನಿಂದ ಅದನ್ನು ಹೊಳೆಯಿಸಿ ಆ ಬೆಳಕನ್ನು ಅಳೆಯುವ ಕ್ರಮ ಹೆಚ್ಚಾಗಿ ಬಳಕೆಯಲ್ಲಿದೆ.

ಮೂರು ವಾರದ ಪ್ರಯೋಗ

ಗಂಡಸಿನ ಮೂಳೆಯನ್ನು ಕಾಯುವುದು ಗಂಡು ಹಾರ್ಮೋನಾದ ಟೆಸ್ಟೋಸ್ಟೆರೋನ್ ಎಂದೇ ಬಹುಕಾಲ ಎಣಿಕೆಯಿತ್ತು. ೧೯೯೪ರಲ್ಲಿ ಅಮೆರಿಕದಿಂದ ಒಂದು ವಿಚಿತ್ರ ವರದಿ ಬಂತು. ೨೮ ವರ್ಷದ ಒಬ್ಬ ಯುವಕನ ಟೆಸ್ಟೋಸ್ಟೆರೋನ್ ಸರಿಯಾಗಿಯೇ ಇತ್ತು. ಆದರೆ ಹೆಣ್ಣು ಹಾರ್ಮೋನೆನಿಸಿದ ಈಸ್ಟ್ರೋಜನ್ನನ್ನು ಗ್ರಹಿಸುವ ಶಕ್ತಿ ಹುಟ್ಟಿನಿಂದಲೇ ಅವನ ಜೀವಕಣಗಳಿಗಿರಲಿಲ್ಲ. ಅವನ ಎತ್ತರ ೨೦೪ ಸೆಂಟಿಮೀಟರ್. ಎಲುಬುಗಳ ಬೆಳವಣಿಗೆ ಇನ್ನೂ ನಿಂತಿರಲಿಲ್ಲ, ಮೂಳೆಗಳು ಟೊಳ್ಳಾಗಿದ್ದವು. ಗಂಡಸರಲ್ಲಿಯೂ ಟೆಸ್ಟೋಸ್ಟೆರೋನಿನ ಒಂದು ಅಂಶವು ಈಸ್ಟ್ರೋಜನ್ ಆಗಿ ಮಾರ್ಪಡುತ್ತದೆ. ಮೂಳೆಗೆ ಅದೂ ಬೇಕೆಂಬುದು ಇದರಿಂದ ಹೊಳೆಯಿತು.

ಆದರೆ ವಯಸ್ಸಾದವರಲ್ಲಿ ಯಾವುದರ ಪಾಲು ಎಷ್ಟು? ಅಮೆರಿಕದ ಮೇಯೊ ಕ್ಲಿನಿಕ್ಕಿನವರು ೨೦೦೦ದಲ್ಲಿ ಇದಕ್ಕೆ ಉತ್ತರ ಪ್ರಕಟಿಸಿದರು. ೫೯ ಮಂದಿ ವೃದ್ಧರಲ್ಲಿ ಔಷಧಗಳಿಂದ ದೇಹದ ಸ್ವಂತ ಹಾರ್ಮೋನುಗಳೆರಡನ್ನೂ ತಡೆದು, ಚರ್ಮಕ್ಕೆ ಅಂಟಿಸುವ ಪಟ್ಟಿಗಳ ಮೂಲಕ ಎರಡನ್ನೂ ಒದಗಿಸಿದರು. ಬಳಿಕ ಒಂದು ಗುಂಪಿಗೆ ಎರಡನ್ನೂ ನಿಲ್ಲಿಸಿದರು. ಒಂದಕ್ಕೆ ಈಸ್ಟ್ರೋಜನ್ ಮಾತ್ರ, ಇನ್ನೊಂದಕ್ಕೆ ಟೆಸ್ಟೋಸ್ಟೆರೋನ್ ಮಾತ್ರ ಕೊಟ್ಟರು. ನಾಲ್ಕನೆಯದಕ್ಕೆ ಎರಡನ್ನೂ ಮುಂದುವರಿಸಿದರು. ಮೂರು ವಾರಗಳ ತರುವಾಯ ನೆತ್ತರು, ಮೂತ್ರಗಳಲ್ಲಿನ ಸೂಚಕಗಳನ್ನು ನೋಡಿದರು. ಎರಡೂ ಇಲ್ಲದವರಲ್ಲಿ ಕೆಡವುವ ಸೂಚಕಗಳು ಏರಿದ್ದವು, ಕಟ್ಟುವ ಸೂಚಕಗಳು ಇಳಿದಿದ್ದವು. ಕೆಡವುವ ಕೆಲಸಕ್ಕೆ ಕಡಿವಾಣ ಹಾಕುವುದರಲ್ಲಿ ಈಸ್ಟ್ರೋಜನ್ನಿನದೇ ದೊಡ್ಡ ಪಾಲು. ಕಟ್ಟುವ ಕೆಲಸವನ್ನು ಉಳಿಸುವುದರಲ್ಲಿ ಎರಡಕ್ಕೂ ಪಾಲಿತ್ತು.

ಇಲ್ಲಿ ಗಮನಿಸಬೇಕಾದುದು ಆ ಮೂರು ವಾರಗಳನ್ನು. ಮೂಳೆಯ ಸಾಂದ್ರತೆಯನ್ನೇ ನೋಡುತ್ತ ಕುಳಿತಿದ್ದರೆ ಬದಲಾವಣೆ ಕಾಣಲು ವರ್ಷವಾದರೂ ಬೇಕಾಗುತ್ತಿತ್ತು. ಅಷ್ಟು ಕಾಲ ಒಬ್ಬರನ್ನು ಹಾರ್ಮೋನಿಲ್ಲದೆ ಇಡುವುದು ಧರ್ಮವೂ ಅಲ್ಲ. ಮೊತ್ತ ಬದಲಾಗುವ ಮುನ್ನವೇ ವೇಗ ಬದಲಾಗುತ್ತದೆ. ರಕ್ತಸೂಚಕಗಳ ಹಿರಿಮೆ ಇರುವುದು ಇಲ್ಲಿಯೇ. ಮೂಳೆಯ ನಷ್ಟ ತಡೆಯುವ ಔಷಧ ಸೇವಿಸುವವರಲ್ಲಿ ಸಿ.ಟಿ.ಎಕ್ಸ್. ಮೂರು ತಿಂಗಳೊಳಗೆ ಇಳಿಯುತ್ತದೆ. ಇಳಿಯದಿದ್ದರೆ ರೋಗಿಯು ಔಷಧವನ್ನು ಸರಿಯಾಗಿ ಸೇವಿಸುತ್ತಿಲ್ಲವೋ, ಅದು ಮೈಗೆ ಹತ್ತುತ್ತಿಲ್ಲವೋ ಎಂದು ವೈದ್ಯರು ವಿಚಾರಿಸಬಹುದು.

ಎಣಿಕೆಯ ಮಿತಿ

ಈ ಪರೀಕ್ಷೆಯಿಂದ ‘ಈತನ ಮೂಳೆ ಮುರಿಯುತ್ತದೆ’ ಎಂದು ಭವಿಷ್ಯ ಹೇಳಬಹುದೆ? ಅಮೆರಿಕದ ಆರು ಕೇಂದ್ರಗಳಲ್ಲಿ ೨೦೦೦ದಿಂದ ೨೦೦೨ರವರೆಗೆ ೬೫ ವರ್ಷ ದಾಟಿದ ೫,೯೯೪ ಗಂಡಸರನ್ನು ಸೇರಿಸಿಕೊಂಡು ಒಂದು ದೊಡ್ಡ ಅಧ್ಯಯನ ಆರಂಭವಾಯಿತು. ಅವರಲ್ಲಿ ಕೆಲವರ ನೆತ್ತರಿನ ಸೂಚಕಗಳನ್ನು ಪರೀಕ್ಷಿಸಿದ ಫಲಿತಾಂಶ ೨೦೦೯ರಲ್ಲಿ ಹೊರಬಂತು. ಸೂಚಕಗಳು ಹೆಚ್ಚಿದ್ದವರಲ್ಲಿ ಸೊಂಟದ ಮೂಳೆ ಬೇಗ ಬೇಗ ಸವೆಯುತ್ತಿತ್ತು. ಆದರೆ ಮೂಳೆಯ ಸಾಂದ್ರತೆಯನ್ನು ಲೆಕ್ಕಕ್ಕೆ ಹಿಡಿದ ಮೇಲೆ, ಮುರಿತದ ಭಯವನ್ನು ಹೇಳುವುದರಲ್ಲಿ ಸೂಚಕಗಳು ಹೊಸದಾಗಿ ಏನನ್ನೂ ಸೇರಿಸಲಿಲ್ಲ. ಲಾರಿ ಎಣಿಸಿದವನಿಗೆ ರಸ್ತೆಯ ದಪ್ಪ ತಿಳಿಯದು ಎಂಬ ಮಾತು ಇಲ್ಲಿ ನಿಜವಾಯಿತು.

ದಪ್ಪವನ್ನು ಅಳೆಯಲು ಬೇರೆ ಸಾಧನವಿದೆ. ಎರಡು ಬೇರೆ ಶಕ್ತಿಯ ಕ್ಷ-ಕಿರಣಗಳನ್ನು ಸೊಂಟ, ಬೆನ್ನುಗಳ ಮೂಲಕ ಹಾಯಿಸಿ, ಮಾಂಸವೆಷ್ಟು, ಮೂಳೆಯೆಷ್ಟು ಎಂಬ ಎರಡು ಅಜ್ಞಾತಗಳನ್ನು ಎರಡು ಸಮೀಕರಣಗಳಿಂದ ಬಿಡಿಸುತ್ತಾರೆ. ಇದೇ ಡೆಕ್ಸಾ ಪರೀಕ್ಷೆ. ಮೊತ್ತಕ್ಕೆ ಡೆಕ್ಸಾ, ವೇಗಕ್ಕೆ ನೆತ್ತರು. ಒಂದು ಇನ್ನೊಂದರ ಸ್ಥಾನವನ್ನು ತುಂಬಲಾರದು.

ಎಣಿಸುವ ಹೊತ್ತೂ ಮುಖ್ಯ. ಸಿ.ಟಿ.ಎಕ್ಸ್. ಮುಂಜಾವದಲ್ಲಿ ಹೆಚ್ಚಿದ್ದು ಮಧ್ಯಾಹ್ನಕ್ಕೆ ಇಳಿಯುತ್ತದೆ. ಊಟ ಮಾಡಿದರೂ ಇಳಿಯುತ್ತದೆ. ಆದುದರಿಂದ ಬೆಳಗ್ಗೆ ಬರಿಹೊಟ್ಟೆಯಲ್ಲಿಯೇ ನೆತ್ತರು ಕೊಡಬೇಕು. ಮೂತ್ರಪಿಂಡಗಳು ದುರ್ಬಲವಾದವರಲ್ಲಿ ಚೂರುಗಳು ಹೊರಹೋಗದೆ ಅಂಕಿ ಏರುತ್ತದೆ. ಮೂಳೆ ಮುರಿದು ಕೂಡಿಕೊಳ್ಳುತ್ತಿರುವವರಲ್ಲಿಯೂ ಹಲವು ತಿಂಗಳು ಏರಿರುತ್ತದೆ.

ಬಿಸಿಲೂ ಊಟವೂ

ಮೂಳೆಗಾಗಿ ನೋಡುವ ಇನ್ನೊಂದು ರಕ್ತಪರೀಕ್ಷೆ ಜೀವಸತ್ವ ‘ಡಿ’ಯದು. ಕರುಳು ಕ್ಯಾಲ್ಸಿಯಮ್ಮನ್ನು ಹೀರಲು ಇದು ಬೇಕು. ಬಿಸಿಲಿನಲ್ಲಿರುವ ೨೯೦ರಿಂದ ೩೧೫ ನ್ಯಾನೋಮೀಟರ್ ತರಂಗಾಂತರದ ಅತಿನೇರಳೆ ಕಿರಣಗಳು ಚರ್ಮದಲ್ಲಿ ಇದನ್ನು ಉಂಟುಮಾಡುತ್ತವೆ. ಮಂಗಳೂರು ಇರುವುದು ಸುಮಾರು ೧೨.೯ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಗೊಮ್ಮೆ, ಆಗಸ್ಟ್ ತಿಂಗಳಲ್ಲೊಮ್ಮೆ ನಡುಹಗಲಿನ ಸೂರ್ಯ ನಮ್ಮ ನೆತ್ತಿಯ ಮೇಲೆಯೇ ಬರುತ್ತಾನೆ. ಇಷ್ಟು ಬಿಸಿಲಿನ ನಾಡಿನಲ್ಲಿ ಕೊರತೆಯೆಲ್ಲಿಯದು ಎನ್ನಿಸುವುದು ಸಹಜ. ಆದರೆ ನಮ್ಮ ಅಕ್ಷಾಂಶಕ್ಕೆ ಸಮೀಪದ ತಿರುಪತಿಯಲ್ಲಿ ನಡೆದು ೨೦೦೭ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೊಲದಲ್ಲಿ ದುಡಿಯುವ ಹಳ್ಳಿಗರ ಅಂಕಿ ಪಟ್ಟಣಿಗರದಕ್ಕಿಂತ ಮೇಲಿದ್ದರೂ ಇಬ್ಬರಲ್ಲಿಯೂ ಕೊರತೆ ಕಂಡಿತು. ಇಬ್ಬರ ಊಟದಲ್ಲಿಯೂ ಕ್ಯಾಲ್ಸಿಯಂ ಕಡಿಮೆಯಿತ್ತು.

ಎಳೆಬಿಸಿಲೇ ಮೂಳೆಗೆ ಒಳ್ಳೆಯದೆಂಬ ನಂಬಿಕೆಯನ್ನು ಭೌತಶಾಸ್ತ್ರ ಒಪ್ಪುವುದಿಲ್ಲ. ಸೂರ್ಯ ಓರೆಯಾಗಿರುವಾಗ ಕಿರಣಗಳು ವಾಯುಮಂಡಲದಲ್ಲಿ ಹೆಚ್ಚು ದೂರ ಸಾಗಬೇಕು. ನೆತ್ತಿಯಿಂದ ೬೦ ಡಿಗ್ರಿ ಕೆಳಗಿದ್ದರೆ ಆ ದೂರ ಇಮ್ಮಡಿಯಾಗುತ್ತದೆ. ಓಜೋನ್ ಈ ಕಿರಣಗಳನ್ನೇ ಮೊದಲು ಹೀರುತ್ತದೆ. ನಮ್ಮ ನೆರಳು ನಮಗಿಂತ ಗಿಡ್ಡವಾಗಿರುವ ಹೊತ್ತಿನಲ್ಲಿ ಸ್ವಲ್ಪ ಕಾಲ ಬಿಸಿಲಿಗೆ ಮೈಯೊಡ್ಡಿದರೆ ಫಲವುಂಟು. ಕಿಟಕಿಯ ಗಾಜು ಈ ಕಿರಣಗಳನ್ನು ಬಿಡದು. ವಯಸ್ಸಾದ ಚರ್ಮಕ್ಕೆ ಜೀವಸತ್ವ ತಯಾರಿಸುವ ಶಕ್ತಿಯೂ ಕಡಿಮೆ.

ಬೆಳೆದವರಿಗೆ ದಿನಕ್ಕೆ ೧೦೦೦ ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು ೨೦೨೦ರಲ್ಲಿ ಹೇಳಿತು. ನಮ್ಮ ಗಂಜಿಯ ಅಕ್ಕಿಯಲ್ಲಿ ಅದು ನೂರು ಗ್ರಾಮಿಗೆ ಹತ್ತು ಮಿಲಿಗ್ರಾಮಿನಷ್ಟು. ರಾಗಿಯಲ್ಲಿ ಸುಮಾರು ೩೫೦. ಹಾಲು, ಮುಳ್ಳು ಸಹಿತ ತಿನ್ನುವ ಸಣ್ಣ ಬೂತಾಯಿ ಮೀನು ಸಹ ಒಳ್ಳೆಯ ಮೂಲಗಳು.

ಯಾರು ಪರೀಕ್ಷಿಸಿಕೊಳ್ಳಬೇಕು?

ಆರೋಗ್ಯವಂತರೆಲ್ಲರೂ ಮೂಳೆಯ ಸೂಚಕಗಳಿಗಾಗಿ ಹಣ ವೆಚ್ಚ ಮಾಡಬೇಕಾಗಿಲ್ಲ. ಆದರೆ ಸಣ್ಣ ಬೀಳಿನಿಂದ ಮೂಳೆ ಮುರಿದವರು, ಬಹುಕಾಲ ಸ್ಟೆರಾಯ್ಡ್ ಔಷಧ ಸೇವಿಸಿದವರು, ಪ್ರಾಸ್ಟೇಟ್ ಗ್ರಂಥಿಯ ಅರ್ಬುದಕ್ಕಾಗಿ ಟೆಸ್ಟೋಸ್ಟೆರೋನ್ ತಡೆಯುವ ಚಿಕಿತ್ಸೆ ಪಡೆಯುವವರು, ಹಾಗೂ ಎತ್ತರದಲ್ಲಿ ಕುಗ್ಗಿದ ಹಿರಿಯರು ವೈದ್ಯರಲ್ಲಿ ಕೇಳಲೇಬೇಕು. ಬೆನ್ನೆಲುಬಿನ ಮಣಿಗಳು ನೋವಿಲ್ಲದೆಯೂ ಕುಸಿಯುವುದುಂಟು; ಎತ್ತರ ತಗ್ಗುವುದೇ ಆಗ ಅದರ ಮೊದಲ ಗುರುತು.

ಈ ಕೊನೆಯ ಪರೀಕ್ಷೆಯನ್ನು ವಾಚಕರು ಮನೆಯಲ್ಲಿಯೇ ಮಾಡಬಹುದು. ಅಜ್ಜನನ್ನು ಬರಿಗಾಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ, ತಲೆಯ ಮೇಲೆ ಪುಸ್ತಕವೊಂದನ್ನು ಸಮತಲವಾಗಿ ಹಿಡಿದು, ಗೋಡೆಯಲ್ಲಿ ಗುರುತು ಹಾಕಿ ಅಳೆಯಿರಿ. ಯೌವನದಲ್ಲಿ ತಾವು ಎಷ್ಟು ಎತ್ತರವಿದ್ದೆವೆಂದು ಅವರನ್ನೇ ಕೇಳಿ. ನಾಲ್ಕು ಸೆಂಟಿಮೀಟರಿಗಿಂತ ಹೆಚ್ಚು ಕಡಿಮೆಯಾಗಿದ್ದರೆ, ಆ ಎರಡು ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು, ಮುಂದಿನ ಬಾರಿ ವೈದ್ಯರ ಬಳಿಗೆ ಹೋಗುವಾಗ ಅವರ ಕೈಗೆ ಕೊಟ್ಟು ಕಳುಹಿಸಿ.